ಅಜ್ಜಿಯ ಬೋಣಿ

ಬಳ್ಳಾರಿಯ ರೈತ ಸಂತೆಯಲ್ಲಿ ಕೊಳಗಲ್ಲಿನ ಅಜ್ಜಿ, ಮಗ, ಮೊಮ್ಮಗಳು ತಮ್ಮ ಪಾಲಿಹೌಸಿನ ದಪ್ಪ ಮೆಣಸಿನಕಾಯಿ ಹರಡುತ್ತಿದ್ದರು. ಅಂದಿನ ಮೊದಲ ವ್ಯಾಪಾರ ಇನ್ನೂ ಆಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ನಾನು ಯಾರ ಬೋಣಿಗೂ ಕೈ ಹಾಕುವುದಿಲ್ಲ. ಕೆಲವರಿಗೆ ಅಳುಕು ಇರುತ್ತದೆ. ಹಾಗಾಗಿ ದೂರ ನಿಂತೆ.

“ಯಾಕವ್ವ, ಅಲ್ಲೇ ನಿಂತಿ?” ಎಂದಳು ಅಜ್ಜಿ.

“ಬೇರೆಯವರು ಬೋಣಿ ಮಾಡಲಿ, ಆಮೇಲೆ ಕೊಳ್ಳುತ್ತೇನೆ.”

ಮಗ ನನ್ನ ಬೋಳು ಹಣೆ ನೋಡಿ ತಾಯಿಗೆ, “ಇರ್ಲಿ ಬಿಡಬೇ,” ಎಂದ.

ಅಜ್ಜಿ ಅವನತ್ತ ತಿರುಗಿದಳು. “ಲೇ, ಈ ಸಸಿ ಹಚ್ಚಿದಾಕಿ ನಾನು. ನಿಮ್ಮಪ್ಪ ಹೋದ ಮ್ಯಾಲೆ ನನ್ನ ಕೈಯಾಗಿನ ಗಿಡ ಕಾಯಿ ಬಿಡೂದು ನಿಲ್ಲಿಸ್ಯಾವೇನು? ಚೀಲ ಹಿಡಿಯವ್ವ.”

ಹಿಡಿದೆ. ನಾನು ಕೇಳಿದ್ದು ಕಾಲು ಕಿಲೊ. “ಬೋಣಿ ಸಣ್ಣದು ಆಗಬಾರದು,” ಎಂದು ಅವಳು ತೂಗಿದ್ದು ಎರಡು ಕಿಲೊ. ಒಬ್ಬಳೇ ಉಣ್ಣುವ ಮನೆಯಲ್ಲಿ ವಾರವಿಡೀ ಅದೇ ಪಲ್ಯ.