ಚಳಿಗೆ ಸತ್ತವನ ಹೆಂಡತಿ ಆಡಿದ ಮಾತು

ಆ್ಯನಿಸ್ ಆಲ್ಡರ್‌ಸನ್ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನ ಸ್ವೇಲ್ ಕಣಿವೆಯಲ್ಲಿ ಕುರಿ ಸಾಕಿಕೊಂಡೇ ಅರವತ್ತೆಂಟು ವರ್ಷ ಕಳೆದವಳು. ಹೊಟ್ಟೆಯಲ್ಲಿ ಅಡ್ಡಬಿದ್ದ ಮರಿಯನ್ನು ಒಳಗೇ ತಿರುಗಿಸಿ ಈಚೆ ತೆಗೆಯುವ ಅವಳ ಕೈಗುಣಕ್ಕಾಗಿ ಮೂರು ಹಳ್ಳಿಯವರು ಬಾಗಿಲಿಗೆ ಬರುತ್ತಿದ್ದರು. ಆದರೆ ಓದಿದವರ ಎದುರು ಮಾತ್ರ ಅವಳ ಬಾಯಿಗೆ ಬೀಗ.

ನಲವತ್ತೇಳನೆಯ ಇಸವಿಯ ದೊಡ್ಡ ಹಿಮದಲ್ಲಿ ಅವಳ ಗಂಡ ಕಿಟ್, ಹೂತುಹೋದ ಕುರಿಗಳನ್ನು ಅಗೆದು ತೆಗೆಯಲು ಗುಡ್ಡ ಹತ್ತಿದವನು ಮರಳಲಿಲ್ಲ. ಮೂರನೆಯ ದಿನ ಕಲ್ಲುಗೋಡೆಯ ಮಗ್ಗುಲಲ್ಲಿ ಹೆಣ ಸಿಕ್ಕಿತು. ಪಟ್ಟಣದಿಂದ ಬಂದ ಪತ್ರಿಕೆಯವನೊಬ್ಬ ಹೇಗಾಯಿತೆಂದು ಕೇಳಿದ್ದಕ್ಕೆ, "ಸ್ಟಾರ್ವ್ ಆಗಿ ಹೋದ" ಎಂದಳು. ಆ ಸೀಮೆಯಲ್ಲಿ ಹಾಗೆಂದರೆ ಚಳಿಗೆ ಸೆಟೆದುಹೋಗುವುದು. ಪಟ್ಟಣದವನಿಗೆ ಗೊತ್ತಿದ್ದ ಅರ್ಥ ಒಂದೇ: ಹೊಟ್ಟೆಗಿಲ್ಲದೆ ಸಾಯುವುದು. ಆ ವಾರದ ಪತ್ರಿಕೆಯಲ್ಲಿ, ಕುರಿಗಾಹಿಯೊಬ್ಬ ಮನೆಯಲ್ಲಿ ತಿನ್ನಲು ಏನೂ ಇಲ್ಲದೆ ಸತ್ತನೆಂದು ಅಚ್ಚಾಯಿತು. ಗುಡ್ಡ ಹತ್ತುವ ಬೆಳಿಗ್ಗೆ ಅವನಿಗೆ ಎರಡು ಬಟ್ಟಲು ಓಟ್ಸ್ ಗಂಜಿ, ಹುರಿದ ಹಂದಿಮಾಂಸ ಬಡಿಸಿ ಕಳಿಸಿದ್ದ ಹೆಂಗಸು ಸಂತೆಯಲ್ಲಿ ತಲೆ ತಗ್ಗಿಸಿ ನಡೆಯುವಂತಾಯಿತು.

ಆರು ವರ್ಷಗಳ ಮೇಲೆ, ನವೆಂಬರಿನಲ್ಲಿ, ಹಂಫ್ರಿ ಪೆಲ್ ಎಂಬ ತರುಣ ಬಂದ. ವಿಶ್ವವಿದ್ಯಾಲಯದವನು, ಹಳ್ಳಿಯವರ ಮಾತುಗಳನ್ನು ಬರೆದುಕೊಳ್ಳುವುದು ಅವನ ಕೆಲಸ. ಆ್ಯನಿಸ್‌ಳ ನಾದಿನಿ ಟಾಮರ್ ಅವನನ್ನು ಕರೆತಂದು, "ಇವ್ಳನ್ನ ಕೇಳಪ್ಪ. ಕುರಿ ಜೊತೆ ಮಾತಾಡ್ತಾಳೆ, ಮನುಷ್ಯರ ಜೊತೆ ಆಡಿದ್ರೆ ನಿನ್ ಪುಣ್ಯ" ಎಂದು ಕೂತಳು.

ಇದಕ್ಕೇನನ್ನುತ್ತೀರಿ, ಅದಕ್ಕೇನನ್ನುತ್ತೀರಿ ಎಂದು ಪೆಲ್ ಕೇಳುತ್ತಲೇ ಹೋದ. ಆ್ಯನಿಸ್ ಶಾಲೆಯಲ್ಲಿ ಕಲಿತ ಅಚ್ಚುಕಟ್ಟಾದ ಪದಗಳನ್ನೇ ಒಂದೊಂದಾಗಿ ಕೊಟ್ಟಳು. ಕೊನೆಗೆ ಅವನು ಹೊರಗಿಟ್ಟಿದ್ದ ಜೋಳಿಗೆಯಿಂದ ಕಾಗದ ತರಲೆಂದು ಎದ್ದು ಹೋಗುವಾಗ ಬಾಗಿಲು ತೆರೆದೇ ಬಿಟ್ಟ. ಗಾಳಿ ನುಗ್ಗಿತು.

"ಬಾಗ್ಲು ಹಾಕೋ ಮಗ, ನಮ್ಮಿಬ್ರನ್ನೂ ಸ್ಟಾರ್ವ್ ಮಾಡ್ಬಿಡ್ತೀಯ!"

ಅಂದವಳೇ ಬಾಯಿ ಮುಚ್ಚಿಕೊಂಡಳು. ಪೆಲ್ ಬಾಗಿಲು ಹಾಕಿ ಬಂದು ಮೆಲ್ಲಗೆ ಕೂತ.

"ಇನ್ನೊಂದ್ಸಲ ಹೇಳ್ತೀರಾ ಅಮ್ಮ?"

"ಯಾಕೆ, ನೀನೂ ಪೇಪರ್‌ನಲ್ಲಿ ಹಾಕ್ತೀಯಾ?" ಎಂದು ಶುರುಮಾಡಿ, ಅವಳು ಕಿಟ್‌ನ ಕತೆಯನ್ನೆಲ್ಲ ಹೇಳಿಬಿಟ್ಟಳು. ಟಾಮರ್ ಕೂಡ ನಗಲಿಲ್ಲ.

"ತಪ್ಪಾಡಿದ್ದು ನೀವಲ್ಲ," ಎಂದ ಪೆಲ್. "ಸಾವಿರ ವರ್ಷದ ಹಿಂದೆ ಈ ಮಾತಿಗೆ ಸಾಯೋದು ಅಂತಷ್ಟೇ ಅರ್ಥ. ಸ್ಟೆಯೊರ್ಫಾನ್ ಅಂತಿದ್ರು. ರೋಗಕ್ಕೋ ಕತ್ತಿಗೋ, ಹೆಂಗ್ ಸತ್ರೂ ಅದೇ. ಸಮುದ್ರದಾಚೆ ಜರ್ಮನ್ನರು ಈಗ್ಲೂ ಸಾಯೋದಕ್ಕೆ ಶ್ಟೆರ್ಬೆನ್ ಅಂತಾರೆ, ಇದರ ಅಕ್ಕ-ತಂಗಿ ಅದು. ಆಮೇಲೆ ಇಂಗ್ಲೆಂಡಿನ ತೆಂಕಣದವ್ರು ಹಸಿವಿನ ಸಾವಿಗೆ ಮಾತ್ರ ಇಟ್ಕೊಂಡ್ರು, ನೀವು ಚಳಿ ಸಾವಿಗೆ ಇಟ್ಕೊಂಡ್ರಿ."

"ನಂಗೆ ಯಾರ್ ಹೇಳ್ಕೊಟ್ರು? ನಮ್ಮಜ್ಜಿಗೆ ಅಕ್ಷರಾನೇ ಬರ್ತಿರ್ಲಿಲ್ಲ."

"ಅವ್ರಿಗೆ ಅವ್ರಜ್ಜಿ. ಇಪ್ಪತ್ತು ಜನ ಅಜ್ಜಿಯಂದ್ರು ಸಾಲಾಗಿ ನಿಂತ್ರೆ ಅಲ್ಲಿಗೆ ಮುಟ್ತೀವಿ."

ಆ್ಯನಿಸ್ ಬೆರಳು ಮಡಿಸತೊಡಗಿದಳು. ಅಜ್ಜಿ ಡೈನಾ. ಅವಳ ಅಜ್ಜಿ, ಬಹುಶಃ ಮಾರ್ಜರಿ. ಅಲ್ಲಿಂದಾಚೆ ಒಂದು ಹೆಸರೂ ತಿಳಿಯದು. ಯಾರಿಗೂ ಗೋರಿಕಲ್ಲಿಲ್ಲ, ಯಾರೂ ಒಂದು ಸಾಲು ಬರೆದವರಲ್ಲ. ಆದರೂ ಅವರೆಲ್ಲ ಇದೇ ಗಾಳಿಗೆ ಇದೇ ಮಾತು ಹೇಳಿ ಬಾಗಿಲು ಹಾಕಿಸಿದ್ದರು. ಅವಳ ಮೈ ಜುಮ್ಮೆಂದಿತು.

"ಇದನ್ನ ಆ ಪೇಪರ್‌ನೋರಿಗೆ ಬರೀತೀಯಾ?" ಎಂದು ಆಮೇಲೆ ಕೇಳಿದಳು. "ಅವ್ನು ಎರಡು ಬಟ್ಲು ಗಂಜಿ ತಿಂದಿದ್ದ ಅಂತಾನೂ ಬರಿ."

ಪೆಲ್ ಬರೆದ. ಮುಂದಿನ ತಿಂಗಳು ಅದು ದನದ ಧಾರಣೆಯ ಪಟ್ಟಿಯ ಕೆಳಗೆ ಏಳು ಸಾಲಾಗಿ ಬಂತು. ಟಾಮರ್ ಅದನ್ನು ಸಂತೆಯಲ್ಲಿ ಬೇಕಾದವರಿಗೂ ಬೇಡದವರಿಗೂ ಓದಿ ಹೇಳಿದಳು.

ಆ ನವೆಂಬರಿನಲ್ಲಿ ಪೆಲ್ ನಾಲ್ಕು ದಿನ ಅಲ್ಲೇ ಉಳಿದು ಮೂರು ಪುಸ್ತಕ ತುಂಬಿಸಿದ. ಬಕೆಟ್ಟಿಗೆ, ಗೊಂತಿಗೆ, ಎಳೆಮರಿಗೆ ಏನನ್ನುತ್ತೀರಿ ಎಂದು ಅವನು ಕೇಳಿದಾಗಲೆಲ್ಲ ಆ್ಯನಿಸ್ ಈಗ ಅಜ್ಜಿಯ ಮಾತನ್ನೇ ಹೇಳುತ್ತಿದ್ದಳು. ಹೇಳಿ, ಅವನ ಮುಖ ನೋಡಿ ಮೆಲ್ಲಗೆ ಕೇಳುತ್ತಿದ್ದಳು:

"ಇದಕ್ಕೆಷ್ಟು ವಯಸ್ಸು, ಮಗ?"