ಬಾವಿಯ ಗೋಡೆಯಲ್ಲಿ ಬಳಚು

ನಮ್ಮಂಥ ವಿಜ್ಞಾನದ ಮಾಸ್ತರರಿಗೆ ಒಂದು ಕೆಟ್ಟ ಅಭ್ಯಾಸವಿದೆ. ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ ಮುಖ ಗಂಭೀರ ಮಾಡಿಕೊಂಡು ಏನಾದರೊಂದು ಹೇಳಿಬಿಡುತ್ತೇವೆ. ಊರಿಗೆ ಆಗಷ್ಟೇ ಮೊಬೈಲ್ ಬಂದಿದ್ದ ವರ್ಷ, ಕರಾವಳಿಯ ಅವರ್ಸಾದ ನಮ್ಮ ಹಿತ್ತಲಲ್ಲಿ ಬಾವಿ ತೋಡಿಸುವಾಗ ನಾನು ಮಾಡಿದ್ದೂ ಅದನ್ನೇ.

ಹನ್ನೆರಡು ಅಡಿ ಇಳಿದಿದ್ದ ಬೀರಣ್ಣ ಗುದ್ದಲಿ ಬಿಟ್ಟು ಏಣಿ ಹತ್ತಿ ಬಂದ. ಕೆಳಗಿನ ಬೂದು ಜೇಡಿಮಣ್ಣಿನ ಗೋಡೆಯ ತುಂಬ ಬೆರಳು ತೂರುವಷ್ಟು ಅಗಲದ ಬಿಲಗಳು, ಎಲ್ಲವೂ ಮೇಲಿನಿಂದ ಕೆಳಕ್ಕೆ ನೆಟ್ಟಗೆ.

"ನಾಗನ ಜಾಗ ರಾ ಇದು. ನಾ ಇನ್ನು ಕೈ ಹಾಕೂದಿಲ್ಲ" ಎಂದ.

"ಎರೆಹುಳ ಮಾಡಿದ್ದು ಮಾರಾಯ" ಎಂದೆ. ಅವನು ನಂಬಲಿಲ್ಲ, ನಿಜ ಹೇಳಬೇಕೆಂದರೆ ನಾನೂ ನಂಬಿರಲಿಲ್ಲ. ಪಕ್ಕದ ಮನೆಯ ಬಾವಿಗೆ ಕೊಡ ಹಿಡಿದು ಹೋಗಿ ಸಾಕಾಗಿದ್ದ ನನ್ನ ಹೆಂಡತಿ ನಮ್ಮಿಬ್ಬರನ್ನೂ ನೋಡಿದ ನೋಟ ಈಗಲೂ ನೆನಪಿದೆ.

ಅಷ್ಟರಲ್ಲಿ ಬಂದವಳು ಮಾದೇವಕ್ಕ. ಹೊಳೆಯ ಕೆಸರಿನಲ್ಲಿ ಕೈಯಾಡಿಸಿ ಬಳಚು ಎಂಬ ತಿನ್ನುವ ಚಿಪ್ಪುಜೀವಿಯನ್ನು ಹೆಕ್ಕಿ ಮನೆಮನೆಗೆ ಮಾರುವ, ಅರವತ್ತು ದಾಟಿದ ಹೆಂಗಸು. ವಿಷಯ ಕೇಳಿದ್ದೇ ಬುಟ್ಟಿ ಇಳಿಸಿ, ಸೀರೆ ಎತ್ತಿ ಕಟ್ಟಿ, ನಾವು ಬೇಡವೆನ್ನುವಷ್ಟರಲ್ಲಿ ಏಣಿ ಇಳಿದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ನಗು ಕೇಳಿತು.

"ನಾಗನೂ ಅಲ್ಲ, ಹುಳನೂ ಅಲ್ಲ. ಬಳಚಿನ ಮನೆ ರಾ! ಇಳೀರಿ ಮಾಸ್ತರ್ರೇ."

ಇಳಿದೆ. ಚಾಕುವಿನಿಂದ ಅವಳು ಒಂದು ಬಿಲವನ್ನು ಉದ್ದಕ್ಕೆ ಸೀಳಿದ್ದಳು. ಮೇಲ್ತುದಿಯಲ್ಲಿ ಒಂದು ಬಳಚು, ಎರಡೂ ಚಿಪ್ಪು ಮುಚ್ಚಿಕೊಂಡು, ನಿಂತೇ ಇತ್ತು.

"ತೆರೆ ತಂದು ಹಾಕಿದ್ದಾದ್ರೆ ಚಿಪ್ಪು ಬೇರೆ ಬೇರೆ ಆಗ್ತದೆ. ಇದು ಇಲ್ಲೇ ಬದುಕಿದ್ದು" ಎಂದಳು. ಅದರ ಕೆಳಗೆ, ಬಟ್ಟಲಿನೊಳಗೆ ಬಟ್ಟಲಿಟ್ಟ ಹಾಗೆ ಮಣ್ಣಿನ ಬಾಗು ಗೆರೆಗಳು. ಅವಳು ಅವುಗಳ ಮೇಲೆ ಬೆರಳಾಡಿಸಿದಳು. "ಮಳೆಗಾಲಕ್ಕೆ ಹೊಳೆ ಮಣ್ಣು ತಂದು ಮೈಮೇಲೆ ಹಾಕ್ತದೆ. ಉಸಿರು ಕಟ್ತದಲ್ಲ, ಇದು ಮೇಲೆ ಏರ್ತದೆ. ಮತ್ತೆ ಮಣ್ಣು ಬಿದ್ರೆ ಮತ್ತೆ ಏರ್ತದೆ. ಏರಿದ ಸಲಕ್ಕೊಂದು ಗೆರೆ. ಈಗಿನವೂ ಹಾಂಗೇ."

ಒಂಬತ್ತು ಗೆರೆ ಎಣಿಸಿ ಬಿಟ್ಟೆ. ಅಷ್ಟು ಸಲ ಹೂತು, ಅಷ್ಟು ಸಲ ಎದ್ದ ಜೀವ ಅದು. ನಾನು ನಿಂತಿದ್ದು ನಮ್ಮ ಹಿತ್ತಲಲ್ಲ; ಹೊಳೆ ಕಡಲು ಸೇರುವ ಹಳೆಯ ಅಳಿವೆಯ ತಳ. ತೆಂಗು, ಬಚ್ಚಲು, ನನ್ನ ಸ್ಕೂಟರು ಎಲ್ಲದರ ಅಡಿಯಲ್ಲಿ ಒಮ್ಮೆ ಕಡಲಿನ ಭರತವೂ ಇಳಿತವೂ ನಡೆದಿದ್ದವು.

ಬೀರಣ್ಣ ಮೇಲಿನಿಂದ ಕೂಗಿದ: "ಹಾಂಗಾರೆ ನೀರು ಉಪ್ಪು ಬರ್ತದನ್ರಾ?"

"ತೋಡಿ ಕುಡಿದ್ರೆ ಗೊತ್ತಾಗ್ತದೆ" ಎಂದಳು ಮಾದೇವಕ್ಕ ಏಣಿ ಹತ್ತುತ್ತ. ನಾಗನ ಭಯ ಹೋಗಿದ್ದರಿಂದ ಅವನು ಮತ್ತೆ ಗುದ್ದಲಿ ಹಿಡಿದ. ಮೂರನೆಯ ದಿನ ಜೇಡಿ ಮುಗಿದು ಮರಳು ಬಂತು, ಮರಳಿನಿಂದ ನೀರು ಜಿನುಗಿತು. ತಿಳಿಯಾಗಲು ಬಿಟ್ಟು, ಮೊದಲ ಚೊಂಬನ್ನು ನನ್ನ ಹೆಂಡತಿ, ಆ ದಿನವೂ ಬಂದಿದ್ದ ಮಾದೇವಕ್ಕನ ಕೈಗೇ ಕೊಟ್ಟಳು. ನಾವೆಲ್ಲ ಅವಳ ಮುಖ ನೋಡುತ್ತ ನಿಂತೆವು.

"ಸೀ ಅದೆ, ಉಪ್ಪಿಲ್ಲ" ಎಂದಳು, ಪೂರ್ತಿ ಕುಡಿದಳು. ಬಾಯಿ ಒರೆಸಿಕೊಂಡು ಕೇಳಿದಳು: "ಎಷ್ಟು ವರ್ಷದ ಹಿಂದಿನವು ಮಾಸ್ತರ್ರೇ ಅವು?"

"ಸಾವಿರಾರು ವರ್ಷ ಆಗಿರಬೇಕು."

ಅವಳು ಬಾವಿಯೊಳಗೆ ಇಣುಕಿದಳು. "ಅಷ್ಟೊಂದು ಬಳಚು! ಹೆಕ್ಕೂಕೆ ಯಾರೂ ಇರ್ಲಿಲ್ಲನ್ರಾ ಆವಾಗ?"

ಅದು ಮರುಕವೋ ಆಸೆಯೋ ತಿಳಿಯಲಿಲ್ಲ. ನಾವು ನಾಲ್ವರೂ ಬಾವಿಗೆ ಬಗ್ಗಿ, ಬಳಚಿಗಾಗಿ ಯಾರೂ ಕೈಯಿಕ್ಕದ ಆ ಹಳೆಯ ಹೊಳೆಯನ್ನು ನೋಡುತ್ತ ನಿಂತೆವು.