ಮಡಿಲು ತುಂಬಿದ ಕೊರಲೆ

ನಾನು ಚಿಕ್ಕವನಿದ್ದಾಗ ಅಕ್ಕಿ ಅನ್ನ ಹಬ್ಬಕ್ಕೆ ಮತ್ತು ನೆಂಟರಿಗೆ ಮಾತ್ರ. ಮಿಕ್ಕ ದಿನ ಹಗಲು ರಾಗಿಮುದ್ದೆ, ರಾತ್ರಿ ಕೊರಲೆ ಅನ್ನ. ಕೊರಲೆ ಎಂದರೆ ಹುಲ್ಲಿನ ಬೀಜದಂಥ ಪುಟ್ಟ ಕಾಳು. ಅದರ ಸಿಪ್ಪೆ ಸುಲಭಕ್ಕೆ ಬಿಡುವುದಿಲ್ಲ. ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಬೇಕು, ಮೊರದಲ್ಲಿ ಕೇರಬೇಕು, ಮತ್ತೆ ಕುಟ್ಟಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಅಕ್ಕನದು. ಅವಳು ಕೇರುವಾಗ ಹಾರುತ್ತಿದ್ದ ಹೊಟ್ಟಿನ ವಾಸನೆ, ಬಿಸಿ ಅನ್ನಕ್ಕೆ ಹುರುಳಿಕಾಳಿನ ಬಸ್ಸಾರು ಬಿದ್ದಾಗ ಏಳುತ್ತಿದ್ದ ಘಮ ಈಗಲೂ ನನ್ನ ಮೂಗಿನಲ್ಲಿದೆ. ಕೊರಲೆ ಉಂಡವರ ಹೊಟ್ಟೆ ಬೇಗ ಮತ್ತೆ ಊಟ ಕೇಳುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ಅಕ್ಕನ ಮದುವೆಯಾದ ವರ್ಷ ಅಪ್ಪ ನಿಟ್ಟೂರಿನ ಪಕ್ಕದ ನಮ್ಮ ಹೊಲಕ್ಕೆಲ್ಲ ತೆಂಗಿನ ಸಸಿ ಇಟ್ಟ. ತೋಟದೊಳಗೆ ಇನ್ನು ಹುಲ್ಲಿನಂಥ ಬೆಳೆ ಬೇಡ ಎಂದ.

ಹೆಣ್ಣುಮಗಳು ಗಂಡನ ಮನೆಗೆ ಹೊರಡುವಾಗ ತವರಿನವರು ಅವಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬುತ್ತಾರೆ. ಅವ್ವ ಅಕ್ಕಿಯ ಮೊರ ಎತ್ತಿದಾಗ ಅಕ್ಕ ತಡೆದಳು. ಅಕ್ಕಿ ಬೇಡ, ಬಿತ್ತನೆಗೆಂದು ಎತ್ತಿಟ್ಟಿದ್ದ ಕೊರಲೆ ಹಾಕಿ ಎಂದಳು. ಅಪ್ಪನಿಗೆ ಗಾಬರಿಯಾಯಿತು.

"ಮಡಿಲ್ಗೆ ಕೊರಲೆ ಹಾಕುದ್ರೆ ಬೀಗ್ರು ಉಗಿಯಲ್ವೇನವ್ವಾ?"

"ಉಗುದ್ರೆ ನನ್ನ್ ತಾನೆ ಉಗಿಯೋದು. ಹಾಕ್ಸಪ್ಪ."

ಆ ಮದುವೆಯಲ್ಲಿ ಅಕ್ಕ ತನಗೆಂದು ಕೇಳಿದ್ದು ಅದೊಂದನ್ನೇ. ಅಪ್ಪ ಅವ್ವನಿಗೆ ಹಾಕೆಂದು ಸನ್ನೆ ಮಾಡಿದ. ಅವ್ವ ಸಿಪ್ಪೆಯ ಸಮೇತ ಕೊರಲೆಯನ್ನು ಸೆರಗಿಗೆ ಸುರಿದಳು.

ಹೊಸ ಮನೆಯಲ್ಲಿ ಅಕ್ಕನಿಗೆ ಬೇಸರವಾಗದಿರಲೆಂದು ನನ್ನನ್ನೂ ಜೊತೆಗೆ ಕಳಿಸಿದರು. ಭಾವನ ಊರು ಯಡಿಯೂರಿನ ಹತ್ತಿರ. ತುಮಕೂರಿನಲ್ಲಿ ಇಳಿದು ಕುಣಿಗಲ್ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅಕ್ಕ ಸೆರಗಿನ ಗಂಟನ್ನು ಹೊಟ್ಟೆಗೆ ಒತ್ತಿಕೊಂಡೇ ಕೂತಿದ್ದಳು. ಯಾರೋ ಸೀಟು ಬಿಟ್ಟುಕೊಟ್ಟು, ಮಗು ಮಲಗಿದೆಯೇನವ್ವಾ ಎಂದು ಕೇಳಿದರು. ಅವಳು ನಕ್ಕಳು.

ಒಂದು ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾವನ ಮನೆಯಲ್ಲಿ ಸೊಸೆಯ ಮಡಿಲಲ್ಲಿ ಬಂದ ಕಾಳನ್ನು ಅದೇ ದಿನ ಬೇಯಿಸಿ ಎಲ್ಲರೂ ಉಣ್ಣುವ ಪದ್ಧತಿ. ಉಳಿಸುವಂತಿಲ್ಲ. ಅಕ್ಕನ ಅತ್ತೆ ಗಂಟು ಬಿಚ್ಚಿಸಿ ನೋಡಿದರು.

"ಏನವ್ವಾ, ನಿಮ್ಮಪ್ಪಂಗೆ ಅಕ್ಕಿ ಸಿಗ್ನಿಲ್ವ? ಗುಬ್ಬಿಗೆ ಹಾಕೋ ಕಾಳ್ ಕಟ್ಟವ್ನೆ."

ನೆರೆಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅತ್ತೆ ಎಲ್ಲವನ್ನೂ ಒರಳಿಗೆ ಹಾಕಲು ಹೇಳಿದರು. ಕುಟ್ಟಿದ ಕಾಳು ಮೊಳೆಯುವುದಿಲ್ಲ, ಊರಲ್ಲಿ ನಮ್ಮ ಮನೆಯ ಕಣಜವೂ ಬರಿದಾಗಿತ್ತು. ಬಂದ ದಿನವೇ ಸೊಸೆ ಎದುರು ಮಾತಾಡುವ ಕಾಲವೂ ಅದಲ್ಲ. ಅಕ್ಕ ತಲೆ ಎತ್ತದೆಯೇ ಮಾತಾಡಿದಳು.

"ಅತ್ತೆ, ಒಂದ್ ಸೇರು ನಾನೇ ಕುಟ್ಟಿ ಬೇಯಿಸ್ತೀನಿ. ಉಂಡ್ ನೋಡಿ. ಹಿಡಿಸ್ನಿಲ್ಲ ಅಂದ್ರೆ ಎಲ್ಲಾನೂ ಕುಟ್ಟುಬುಡಣ. ಹಿಡುಸ್ತು ಅಂದ್ರೆ ಮಿಕ್ಕಿದ್ದು ಬಿತ್ತಣ. ಬಿತ್ತಿದ್ರೂ ನಾಳೆ ನಾವೇ ತಾನೆ ಉಣ್ಣೋದು."

ಮದುವೆಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಕ್ಕ ಒನಕೆ ಹಿಡಿದಳು. ಹಸಿರು ಬಳೆಗಳ ಸದ್ದು, ಒನಕೆಯ ಸದ್ದು ಬಿಟ್ಟರೆ ಹಟ್ಟಿಯಲ್ಲಿ ಬೇರೆ ಸದ್ದಿರಲಿಲ್ಲ. ಒಂದು ಕಾಳೂ ನುಚ್ಚಾಗಲಿಲ್ಲ. ಹುರುಳಿಕಾಳು ಬೇಯಿಸಿ, ಕಟ್ಟು ಬಸಿದು ಸಾರು ಮಾಡಿದಳು. ಎಲ್ಲರೂ ಉಂಡರು. ಅಕ್ಕನ ಮಾವ ಎರಡನೇ ಸಲ ತಟ್ಟೆ ಮುಂದೆ ಚಾಚಿದರು. ಅತ್ತೆ ಚೆನ್ನಾಗಿದೆ ಎನ್ನಲಿಲ್ಲ. ಕೈ ತೊಳೆದು ಬಂದು, ಉಳಿದ ಕೊರಲೆಯನ್ನು ಮಡಕೆಗೆ ಸುರಿದು, ಹುಳ ಹಿಡಿಯದಂತೆ ಮೇಲೆ ಒಲೆಯ ಬೂದಿ ಹರಡಿದರು.

"ಹುಣಸೆಮರದ ಕೆಳ್ಗೆ ಏನೂ ಬರಕಿಲ್ಲ. ಅಲ್ಲಿ ಬಿತ್ಕೊ ಹೋಗು" ಎಂದರು.

ಅಕ್ಕ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಕೊರಲೆ ನೆರಳಲ್ಲೂ ಬೆಳೆಯುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮಕ್ಕಳೇ, ಆಮೇಲೆ ಸೊಸೈಟಿ ಅಕ್ಕಿ ಬಂತು. ಅದು ಎಷ್ಟೋ ಮನೆಗಳ ಹಸಿವು ನೀಗಿಸಿತು, ಅದನ್ನು ನಾನು ಹಳಿಯುವುದಿಲ್ಲ. ಆದರೆ ನಮ್ಮೂರಿನ ತಟ್ಟೆಗಳಿಂದ, ದೇಶದ ಎಷ್ಟೋ ತಟ್ಟೆಗಳಿಂದ ಸಾಮೆ, ಹಾರಕ, ಕೊರಲೆ ಒಂದೊಂದಾಗಿ ಇಳಿದುಹೋದವು. ಅವು ಕೊಡುತ್ತಿದ್ದ ಪ್ರೋಟೀನೂ ಅವುಗಳ ಜೊತೆ ಹೋಯಿತು. ಅಕ್ಕ ಮಾತ್ರ ಪ್ರತಿ ಮುಂಗಾರಿಗೆ ಆ ಹುಣಸೆಮರದ ಕೆಳಗೆ ಬಿತ್ತುತ್ತಲೇ ಇದ್ದಳು. ಕೊರಲೆಗೆ ಮತ್ತೆ ಬೆಲೆ ಬಂದು ಜನ ಬಿತ್ತನೆ ಬೀಜ ಹುಡುಕಿಕೊಂಡು ಹೊರಟಾಗ, ಆ ಸುತ್ತಿನವರೆಲ್ಲ ಬಂದು ನಿಂತದ್ದು ಅವಳ ಬಾಗಿಲಿಗೆ. ಯಾರನ್ನೂ ಬರಿಗೈಲಿ ಕಳಿಸಲಿಲ್ಲ ನನ್ನ ಅಕ್ಕ.

ಈಗ ತುಮಕೂರಿನ ನಮ್ಮ ಮನೆಯಲ್ಲಿ ನೀವು ಕತ್ತರಿಯಿಂದ ಕೊರಲೆಯ ಪ್ಯಾಕೆಟ್ ತೆರೆದು, "ತಾತ, ಇದ್ರಲ್ಲಿ ಪ್ರೋಟೀನ್ ಇದ್ಯಂತೆ" ಎಂದು ಓದಿ ಹೇಳುತ್ತೀರಿ. ಒನಕೆ ಹಿಡಿದು ಅಂಗೈ ಬೊಬ್ಬೆ ಬರಿಸಿಕೊಳ್ಳದೆ ನೀವು ಕೊರಲೆ ದೋಸೆ ತಿನ್ನುವುದನ್ನು ನೋಡಲು ನನಗೆ ಸಂತೋಷ. ಅಕ್ಕನಿಗೆ ಪ್ರೋಟೀನ್ ಎಂಬ ಮಾತು ಗೊತ್ತಿರಲಿಲ್ಲ, ಕಾಳು ಗೊತ್ತಿತ್ತು.

ಹೋದ ತಿಂಗಳು ಅಕ್ಕನ ತಿಥಿಯ ಕಾರ್ಯ ಮುಗಿಸಿ ಹೊರಟಾಗ ಅವಳ ಸೊಸೆ ನನ್ನನ್ನು ನಿಲ್ಲಿಸಿದಳು. ಮಡಿಲು ತುಂಬುವುದು ಹೆಣ್ಣುಮಕ್ಕಳಿಗೆ. ಆದರೂ ಹೆಗಲ ಮೇಲಿನ ಟವೆಲ್ ಹಿಡಿಯಿರಿ ಎಂದಳು, ಅದರ ತುಂಬ ಕೊರಲೆ ಸುರಿದಳು. ಬಸ್ಸಿನಲ್ಲಿ ನಾನೂ ಗಂಟನ್ನು ಹೊಟ್ಟೆಗೆ ಒತ್ತಿಕೊಂಡು ಕೂತೆ. ಈಗ ಅದು ಅಡುಗೆಮನೆಯ ಮೂಲೆಯ ಮಡಕೆಯಲ್ಲಿ, ಬೂದಿಯ ಕೆಳಗಿದೆ. ಅದು ತಿನ್ನುವುದಕ್ಕಲ್ಲ, ಮುಟ್ಟಬೇಡಿ. ಮಳೆ ಬಿದ್ದ ಮೇಲೆ ನಿಮ್ಮನ್ನು ನಿಟ್ಟೂರಿಗೆ ಕರೆದುಕೊಂಡು ಹೋಗುತ್ತೇನೆ. ಅಪ್ಪ ಇಟ್ಟ ತೆಂಗಿನ ಮರಗಳು ಈಗ ಒಳ್ಳೆಯ ನೆರಳು ಕೊಡುತ್ತಿವೆ.